ಉಡಿದಾರದ ಕೀ

ನನ್ನ ಗಂಡ ಐತಪ್ಪ ಅವತ್ತು ಸ್ವಿಚ್ ಆಫ್ ಮಾಡಿದ್ದರು. ಬೀಗವನ್ನೂ ಹಾಕಿದ್ದರು. ಅದನ್ನು ಮೊದಲು ಹೇಳಿ ಮುಂದೆ ಹೋಗುತ್ತೇನೆ. ಯಾಕೆಂದರೆ ಇದನ್ನು ಓದುವವರಲ್ಲಿ ಅರ್ಧ ಜನ, ಅವರು ಆಫ್ ಮಾಡಲು ಮರೆತು ಏಣಿಯಿಂದ ಬಿದ್ದರು ಎಂದೇ ತಿಳಿದಿದ್ದೀರಿ.

ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಲಂಡನ್ನಿನ ನಮ್ಮ ಕನ್ನಡ ಸಂಘದ ವರ್ಷದ ಪುಸ್ತಕಕ್ಕೆ ಅವರ ಬಗ್ಗೆ ಎರಡು ಪುಟ ಬರೆದುಕೊಡಿ ಎಂದು ಕ್ರೋಯ್ಡನ್‌ನ ಚಂದ್ರಿಕಾ ಕೇಳಿದಳು. ಮಕ್ಕಳೂ ಓದುತ್ತಾರೆ, ಕರೆಂಟಿನ ಪಾಠ ಸ್ವಲ್ಪ ಇರಲಿ ಎಂದಳು. ಇರಲಿ. ಕರೆಂಟ್ ಗೊತ್ತಿಲ್ಲದಿದ್ದರೆ ಈ ವಿಷಯ ಗೊತ್ತಾಗುವುದಿಲ್ಲ. ನನಗೂ ಮೂರು ವರ್ಷ ಗೊತ್ತಾಗಲಿಲ್ಲ.

ಅವರ ಊರು ಕಾಪು ಹತ್ತಿರ. ಉಡುಪಿಯಲ್ಲಿ ಪಂಪು ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತರು. 1989ರಲ್ಲಿ ವೆಂಬ್ಲಿಯ ಒಂದು ಹೋಟೆಲಿಗೆ ಪಾತ್ರೆ ತೊಳೆಯಲು ಬಂದರು. ಒಂದು ಶನಿವಾರ ಬೆಳಿಗ್ಗೆ ಹಿಟ್ಟು ರುಬ್ಬುವ ಗ್ರೈಂಡರ್ ನಿಂತುಹೋಯಿತು. ಹೊರಗೆ ದೋಸೆಗೆ ಜನ ಸಾಲು ನಿಂತಿದ್ದರು. ಇವರು ಸಿಂಕಿನಿಂದ ಕೈ ಒರೆಸಿಕೊಂಡು ಬಂದು, ಗ್ರೈಂಡರ್ ಮಗುಚಿ ಹಾಕಿ, ಚಮಚದ ಹಿಂದಿನ ತುದಿಯಲ್ಲಿ ಸ್ಕ್ರೂ ಬಿಚ್ಚಿ, ಸುಟ್ಟ ವಯರ್ ಕತ್ತರಿಸಿ ಸೇರಿಸಿದರು. ಅದಾದ ಮೇಲೆ ಅವರಿಗೆ ಪಾತ್ರೆ ತೊಳೆಯಲು ಯಾರೂ ಹೇಳಲಿಲ್ಲ. ಸಂಜೆ ಕಾಲೇಜಿಗೆ ಹೋದರು. ಇಂಗ್ಲಿಷಿನ ದೆಸೆಯಿಂದ ಎರಡು ಸಲ ಫೇಲಾದರು. ಮೂರನೇ ಸಲ ಪಾಸಾಗಿ ಎಲೆಕ್ಟ್ರಿಷಿಯನ್ ಕಾರ್ಡ್ ತಂದು ದೇವರ ಮುಂದೆ ಇಟ್ಟರು. ನಾನು ಆಗ ಕ್ರೋಯ್ಡನ್‌ನ ಆಫೀಸುಗಳಲ್ಲಿ ನೆಲ ಒರೆಸುತ್ತಿದ್ದೆ.

ಅವರು ಹೆಚ್ಚು ಮಾತಿನವರಲ್ಲ. ಕರೆಂಟಿನ ವಿಷಯ ಬಂದರೆ ಮಾತ್ರ ನಿಲ್ಲುತ್ತಿರಲಿಲ್ಲ. ಒಂದು ದಿನ ಈಸ್ಟ್ ಕ್ರೋಯ್ಡನ್ ಸ್ಟೇಷನ್ನಿನಲ್ಲಿ ಟಿಕೆಟ್ ಗೇಟುಗಳು ಕೆಟ್ಟು ಮುಚ್ಚಿಕೊಂಡವು. ಹಿಂದೆ ಜನ ತುಂಬಿದರು. ನನಗೆ ಉಸಿರು ಕಟ್ಟಿತು.

"ನೋಡು ಗುಲಾಬಿ, ಇದು ವೋಲ್ಟೇಜ್" ಎಂದರು.

"ನನ್ನ ಕಾಲು ತುಳಿದ್ರು. ನಿಮ್ಗೆ ವೋಲ್ಟೇಜ್!"

"ಕೇಳು ಮಾರಾಯ್ತಿ. ಗೇಟ್ ಮುಚ್ಚಿ ಉಂಟು. ಒಬ್ರೂ ಮುಂದೆ ಹೋಗ್ತಿಲ್ಲ. ಆದ್ರೂ ಹಿಂದಿಂದ ನೂಕು ಉಂಟಲ್ಲ, ಅದು ವೋಲ್ಟೇಜ್. ಗೇಟ್ ತೆಗೆದಾಗ ಹೋಗ್ತಾರಲ್ಲ ಜನ, ಅದು ಕರೆಂಟ್. ಒಂದೇ ಗೇಟ್ ತೆಗೆದ್ರೆ ಸ್ವಲ್ಪ ಸ್ವಲ್ಪವೇ ಹೋಗ್ತಾರೆ. ಆ ಇಕ್ಕಟ್ಟಿಗೆ ರೆಸಿಸ್ಟೆನ್ಸ್ ಅಂತಾರೆ."

"ಗೇಟ್ ತೆಗೆದ್ರೆ ನಾನು ಮನೆಗೆ ಹೋಗ್ತೇನೆ. ಅದಕ್ಕೆಂತ ಅಂತಾರೆ?"

ಪಕ್ಕದಲ್ಲಿದ್ದ ಗುಜರಾತಿ ಹೆಂಗಸಿಗೆ ಏನು ಅರ್ಥವಾಯಿತೋ, ನಕ್ಕಳು. ಇವರೂ ನಕ್ಕರು. ನಾನು ಆ ಪಾಠ ಅಲ್ಲಿಗೇ ಮರೆತೆ.

ಕೆಲಸದಲ್ಲಿ ಅವರಿಗೆ ಎರಡು ಅಭ್ಯಾಸ ಇದ್ದವು. ಅನುಮಾನವಿದ್ದ ವಯರ್ ಮುಟ್ಟುವಾಗ ಎಡಗೈ ಬೆನ್ನ ಹಿಂದೆ ಇಡುತ್ತಿದ್ದರು. ಎರಡೂ ಕೈಯಲ್ಲಿ ಮುಟ್ಟಿದರೆ ಕರೆಂಟ್ ಒಂದು ಕೈಯಿಂದ ಹತ್ತಿ ಎದೆ ದಾಟಿ ಇನ್ನೊಂದು ಕೈಯಲ್ಲಿ ಇಳಿಯುತ್ತದೆ ಎನ್ನುತ್ತಿದ್ದರು. ಕರೆಂಟ್ ಪೂರಾ ತೆಗೆದಿದ್ದೇನೆ ಎಂಬ ಖಾತ್ರಿ ಇದ್ದಾಗ ಮಾತ್ರ ಎರಡು ಕೈ.

ಇನ್ನೊಂದು ಬೀಗ. ಕೆಲಸ ಶುರು ಮಾಡುವ ಮೊದಲು ಬೋರ್ಡಿನಲ್ಲಿ ಸ್ವಿಚ್ ಆಫ್ ಮಾಡಿ, ಅದನ್ನು ಬೇರೆ ಯಾರೂ ಆನ್ ಮಾಡದ ಹಾಗೆ ಸಣ್ಣ ಬೀಗ ಹಾಕುತ್ತಿದ್ದರು. ಇಲ್ಲಿ ಎಲ್ಲ ಎಲೆಕ್ಟ್ರಿಷಿಯನ್ನರೂ ಹಾಕುತ್ತಾರೆ. ಕೀಯನ್ನು ಜೇಬಿನಲ್ಲಿ ಇಡುತ್ತಾರೆ. ಇವರು ಜೇಬನ್ನು ನಂಬುತ್ತಿರಲಿಲ್ಲ. ಉಡಿದಾರಕ್ಕೆ ಕಟ್ಟುತ್ತಿದ್ದರು. ಬೀಗ ಬೋರ್ಡಿನಲ್ಲಿ ಇದ್ದರೆ ಕೀ ಸೊಂಟದಲ್ಲಿ. ಬೀಗ ಟೂಲ್ ಬಾಕ್ಸಿನಲ್ಲಿ ಇದ್ದರೆ ಕೀ ಬೀಗದಲ್ಲೇ. ಮೂವತ್ತು ವರ್ಷ ಇದು ತಪ್ಪಲಿಲ್ಲ.

ಉದಯಶಂಕರ್ ಅದನ್ನು ನೋಡಿ ತಮಾಷೆ ಮಾಡುತ್ತಿದ್ದ. "ಐತಪ್ಪಣ್ಣ, ಕೀ ಬೇಕು ಅಂದ್ರೆ ನಿಮ್ ಪ್ಯಾಂಟ್ ಬಿಚ್ಬೇಕಲ್ಲ! ಲೇಡೀಸ್ ಇರೋ ಮನೇಲಿ ಹೆಂಗೆ?"

ಉದಯಶಂಕರ್ ಮೈಸೂರಿನವನು. 2001ರಲ್ಲಿ ಇವರ ಜೊತೆ ಸೇರಿದ. ಆಗ ಅವನಿಗೆ ಬಲ್ಬಿನ ಹೋಲ್ಡರ್ ಸರಿಯಾಗಿ ಕೂರಿಸಲು ಬರುತ್ತಿರಲಿಲ್ಲ. ಇವರು ಕಲಿಸಿದರು. ಆಮೇಲೆ ಪಾಲುದಾರನಾದ. ವ್ಯಾನಿನ ಮೇಲೆ ಇಬ್ಬರ ಹೆಸರೂ ಇತ್ತು. ಭಾನುವಾರ ನಮ್ಮ ಮನೆಯಲ್ಲೇ ಊಟ. ಬೀಗಕ್ಕೆ ಎರಡು ಕೀ ಇದ್ದವು. ಎರಡನೆಯದು ಅವನ ಹತ್ತಿರ. ಗುರುತಿಗೆ ಅವನು ಅದಕ್ಕೆ ಕೆಂಪು ಟೇಪ್ ಸುತ್ತಿದ್ದ.

ಅವರು ಬಿದ್ದದ್ದು 2021ರ ಅಕ್ಟೋಬರಿನಲ್ಲಿ, ಚಂದ್ರಿಕಾಳ ಮನೆಯಲ್ಲಿ. ಹಳೆಯ ಎರಡು ಮಹಡಿಯ ಮನೆ. ಹಳೆಯ ಬೋರ್ಡು. ಕೆಳಗಿನ ದೀಪಗಳಿಗೆ ಒಂದು ಸ್ವಿಚ್, ಮೇಲಿನ ದೀಪಗಳಿಗೆ ಇನ್ನೊಂದು. ಹಿಂದಿನ ವಾರ ಉದಯಶಂಕರ್ ಒಬ್ಬನೇ ಹೋಗಿ ಮೆಟ್ಟಿಲ ಮೇಲೆ ಹೊಸ ದೀಪ ಹಾಕಿದ್ದ. ಅವತ್ತು ಇಬ್ಬರೂ ಹೋಗಿದ್ದರು. ಇವರು ಕೆಳಗಿನ ಹಾಲಿನ ದೀಪ ಬದಲಾಯಿಸಲು ಏಣಿ ಹತ್ತಿದರು. ಶಾಕ್ ಹೊಡೆಯಿತು. ಬಿದ್ದರು. ಸೊಂಟದ ಮೂಳೆ ಮುರಿಯಿತು, ತಲೆಗೆ ಪೆಟ್ಟಾಯಿತು.

ಆಸ್ಪತ್ರೆಗೆ ನಾನು ಹೋದಾಗ ನರ್ಸ್ ಒಂದು ಪ್ಲಾಸ್ಟಿಕ್ ಚೀಲ ಕೊಟ್ಟಳು. ವಾಚು, ಉಂಗುರ, ಕತ್ತರಿಸಿದ ಉಡಿದಾರ. ಎಕ್ಸ್‌ರೇಗೆ ಅಡ್ಡ ಬರುತ್ತದೆ ಎಂದು ಕತ್ತರಿಸಿದ್ದರು. ನಮ್ಮಲ್ಲಿ ಗಂಡಸಿನ ಉಡಿದಾರ ಕಡಿಯುವುದು ಅವನು ಸತ್ತಾಗ. ಇವರು ಇನ್ನೂ ಉಸಿರಾಡುತ್ತಿದ್ದರು.

ನಾನು ಯಾರಿಗೂ ಹೇಳಲಿಲ್ಲ. ಚೀಲವನ್ನು ಹಾಗೆಯೇ ಸುತ್ತಿ ಮನೆಯಲ್ಲಿ ಸೂಟ್‌ಕೇಸಿನ ತಳದಲ್ಲಿ, ಹಳೆ ಸೀರೆಗಳ ಅಡಿಗೆ ಹಾಕಿದೆ. ಸೌತ್‌ಹಾಲ್‌ಗೆ ಹೋಗಿ ಕಪ್ಪು ದಾರ ತಂದೆ. ಅವರಿಗೆ ಪೂರ್ತಿ ಎಚ್ಚರ ಬರುವ ಮೊದಲು, ಡ್ರೆಸಿಂಗ್ ಮಾಡಿ ನರ್ಸ್ ಆಚೆ ಹೋದಾಗ, ಕಟ್ಟಿದೆ. ಹಳೆಯದರ ಹಾಗೆಯೇ ಮೂರು ಗಂಟು ಹಾಕಿದೆ.

ನಾಲ್ಕನೇ ದಿನ ಅವರು ಮಾತಾಡಿದರು. ಬಿದ್ದ ದಿನದ್ದು ಏನೂ ನೆನಪಿರಲಿಲ್ಲ. ಉದಯಶಂಕರ್ ಮಂಚದ ಪಕ್ಕ ಕೂತಿದ್ದ.

"ಉದಯ, ನಾನು ಆಫ್ ಮಾಡಿರ್ಲಿಲ್ವಾ?"

"ಇಲ್ಲ ಐತಪ್ಪಣ್ಣ. ಸ್ವಿಚ್ ಆನ್ ಇತ್ತು. ಬೀಗ ಬಾಕ್ಸಲ್ಲೇ ಇತ್ತು. ಹೋಗ್ಲಿ ಬಿಡಿ, ವಯಸ್ಸಾಯ್ತು, ಮರೆವು ಎಲ್ರಿಗೂ ಬರತ್ತೆ. ನೀವ್ ಉಳಿದಿದ್ದೇ ದೊಡ್ದು."

ಅವನು ಹೋದ ಮೇಲೆ ಇವರು ನನ್ನನ್ನು ಕೇಳಿದರು. "ಗುಲಾಬಿ, ನನ್ನ ಉಡಿದಾರದಲ್ಲಿ ಕೀ ಇತ್ತಾ?"

ಕಡಿದ ದಾರದ ವಿಷಯ ಬಾಯಿಗೆ ತರಲು ನನಗೆ ಹೆದರಿಕೆ. ಚೀಲವನ್ನು ನಾನು ಸರಿಯಾಗಿ ನೋಡಿಯೂ ಇರಲಿಲ್ಲ.

"ಎಂತ ಕೀ? ಎಂತದೂ ಇರ್ಲಿಲ್ಲ" ಎಂದೆ.

ಅವರು ಹೊದಿಕೆಯ ಒಳಗೆ ಕೈ ಹಾಕಿ ಸೊಂಟ ಸವರಿಕೊಂಡರು. ದಾರ ಇತ್ತು. ಕೀ ಇರಲಿಲ್ಲ. ಕೈ ಹೊರಗೆ ತೆಗೆದು ಎದೆಯ ಮೇಲೆ ಇಟ್ಟುಕೊಂಡರು. ಆಮೇಲೆ ಯಾವತ್ತೂ ಕೇಳಲಿಲ್ಲ.

ಅವರು ಮತ್ತೆ ಕೆಲಸಕ್ಕೆ ಹೋಗಲಿಲ್ಲ. ಟೂಲ್ ಬಾಕ್ಸನ್ನು ಉದಯಶಂಕರ್ ತಂದು ಕೊಟ್ಟ. ಬೀಗ ಅದರಲ್ಲಿತ್ತು, ಕೀ ಬೀಗದಲ್ಲಿತ್ತು. ಇವರು ಒಂದು ಸಲ ಮುಚ್ಚಳ ತೆಗೆದು ನೋಡಿ ಮುಚ್ಚಿದರು.

ಮರುವರ್ಷ ವೆಂಬ್ಲಿಯಲ್ಲಿ ದೀಪಾವಳಿ ಕಾರ್ಯಕ್ರಮ. ಮೈಕ್ ಕಿರುಚುತ್ತಿತ್ತು. "ಯಾರಾದ್ರೂ ಆಫ್ ಮಾಡ್ರಪ್ಪಾ" ಎಂದರು ಒಬ್ಬರು. ಹಿಂದಿನಿಂದ ಇನ್ನೊಬ್ಬರು, "ಐತಪ್ಪಣ್ಣನ್ನ ಮಾತ್ರ ಕರೀಬೇಡಿ, ಆಫ್ ಮಾಡಿದೀನಿ ಅಂತ ಆನ್ ಮಾಡಿ ಹೋಗ್ತಾರೆ!" ಎಂದರು. ಎಲ್ಲರೂ ನಕ್ಕರು. ನನಗೂ ತುಟಿ ಸ್ವಲ್ಪ ಅರಳಿತು. ಇವರು ಅದನ್ನು ನೋಡಿದರು. ಆಮೇಲೆ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ.

ಮನೆಯಲ್ಲಿ ನಾನು ಏನು ಮಾಡಿದೆ ಎಂದೂ ಬರೆಯುತ್ತೇನೆ. ಅವರು ಗ್ಯಾಸ್ ಹಚ್ಚಲು ಹೋದರೆ ಹಿಂದೆಯೇ ಹೋಗುತ್ತಿದ್ದೆ. ಮನೆಯ ಬಾಗಿಲಿನ ಕೀ ಅವರಿಂದ ತೆಗೆದುಕೊಂಡೆ. ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಮರೆವಿನ ಪರೀಕ್ಷೆ ಮಾಡಿಸಿದೆ. ಇವತ್ತು ಯಾವ ವಾರ, ಗಡಿಯಾರ ಬರೆಯಿರಿ, ಮೂರು ಪದ ನೆನಪಿಟ್ಟು ಹೇಳಿ. ಮೂವತ್ತು ವರ್ಷ ಒಂದು ತಪ್ಪು ಮಾಡದ ಮನುಷ್ಯ ಪೆನ್ನು ಹಿಡಿದು ಮಕ್ಕಳ ಹಾಗೆ ಗಡಿಯಾರ ಬರೆದರು. ಗಡಿಯಾರ ಸರಿ ಇತ್ತು. ಪದಗಳೂ ಸರಿ. ವಾರ ತಪ್ಪಿತು. ಡಾಕ್ಟರು, ಪರವಾಗಿಲ್ಲ, ಆರು ತಿಂಗಳು ಬಿಟ್ಟು ನೋಡೋಣ ಎಂದರು. ನನಗೆ ಆ ತಪ್ಪಿದ ವಾರ ಸಾಕಾಯಿತು.

ಬಸ್ಸಿನಲ್ಲಿ ಅವರು ಹೇಳಿದರು, "ಒಂದೇ ಕೆಲಸ ಗೊತ್ತಿತ್ತು ನನ್ಗೆ. ಅದನ್ನೂ ಮರ್ತೆ."

ನಾನು ಇಲ್ಲ ಎನ್ನಲಿಲ್ಲ.

2024ರ ಮಾರ್ಚಿನಲ್ಲಿ, ಮಧ್ಯಾಹ್ನ ಕುರ್ಚಿಯಲ್ಲಿ ಕೂತಲ್ಲೇ ತೀರಿಕೊಂಡರು. ಹಾರ್ಟು.

ಈ ವರ್ಷ ಜನವರಿಯಲ್ಲಿ ಚಂದ್ರಿಕಾ ಫೋನ್ ಮಾಡಿದಳು. ಅವಳ ಮನೆಗೆ ಹೊಸ ಬೋರ್ಡ್ ಹಾಕಿಸಿದ್ದಳು. ಮೆಟ್ಟಿಲ ದೀಪ ಹಚ್ಚಿದಾಗೆಲ್ಲ ಹೊಸ ಬೋರ್ಡ್ ಟ್ರಿಪ್ ಆಗಿ ತಾನಾಗಿ ಆಫ್ ಆಗುತ್ತಿತ್ತು. ಹೊಸ ಎಲೆಕ್ಟ್ರಿಷಿಯನ್ ಹುಡುಕಿ ಹುಡುಕಿ ತಪ್ಪು ಕಂಡುಹಿಡಿದು ಬೈದನಂತೆ.

"ಆಂಟಿ, ಮೆಟ್ಟಿಲ ಲೈಟಿಗೆ ಕರೆಂಟ್ ಬರೋದು ಮೇಲಿನ ಲೈನಿಂದ, ವಾಪಸ್ ಹೋಗೋದು ಕೆಳಗಿನ ಹಾಲ್ ಲೈಟಿನ ವಯರಲ್ಲಿ ಅಂತೆ. ಹೊಸ ವಯರ್ ಎಳೆಯೋಕೆ ಸೋಮಾರಿತನ, ಹತ್ರ ಇದ್ದಿದ್ದಕ್ಕೆ ಸೇರಿಸಿದಾರೆ, ಇದ್ರಲ್ಲಿ ಜನ ಸಾಯ್ತಾರೆ ಅಂದ. ನಂಗೇನೂ ಅರ್ಥ ಆಗ್ಲಿಲ್ಲ. ಅಂಕಲ್ ಇದ್ದಿದ್ರೆ ಕೇಳ್ಬಹುದಿತ್ತು." ಮತ್ತೆ ಹೇಳಿದಳು. "ಅವತ್ತು ಮೆಟ್ಟಿಲ ಲೈಟ್ ಉರೀತಾನೇ ಇತ್ತು, ಅಂಕಲ್ ಎರಡೂ ಕೈ ಹಾಕಿ ಕೆಲಸ ಮಾಡ್ತಿದ್ರು, ನಾನೇ ನೋಡಿದೀನಿ."

ಎರಡೂ ಕೈ. ನನಗೆ ಅಲ್ಲಿಂದ ಅನುಮಾನ ಹುಟ್ಟಿತು.

ನನ್ನ ಮೊಮ್ಮಗಳು ಇಂಚರಾಗೆ ಹದಿನೈದು ವರ್ಷ. ಶಾಲೆಯಲ್ಲಿ ಫಿಸಿಕ್ಸ್ ಓದುತ್ತಾಳೆ. ಸಂಜೆ ಬಂದಾಗ ಚಂದ್ರಿಕಾ ಹೇಳಿದ್ದನ್ನು ಅವಳಿಗೆ ಹೇಳಿದೆ.

"ಅಜ್ಜಿ, ಇಟ್ಸ್ ಈಸಿ. ತೋರಿಸ್ತೀನಿ" ಎಂದಳು.

ಅಜ್ಜನ ಬಾಕ್ಸಿನಿಂದ ವಯರ್ ತಂದಳು. ಒಂದು ಬ್ಯಾಟರಿ, ಎರಡು ಸಣ್ಣ ಬಲ್ಬು, ಎರಡು ಸ್ವಿಚ್ಚು. ಮೊದಲು ಒಂದು ಬಲ್ಬ್ ಹಚ್ಚಿದಳು. ಬ್ಯಾಟರಿಯಿಂದ ಒಂದು ವಯರ್ ಬಲ್ಬಿಗೆ ಹೋಗುತ್ತದೆ, ಇನ್ನೊಂದು ವಾಪಸ್ ಬರುತ್ತದೆ. ವಾಪಸ್ ಬರುವ ವಯರ್ ಬಿಚ್ಚಿದಳು. ಬಲ್ಬ್ ಆರಿತು.

"ಹೋಗೋ ದಾರಿ ಸರಿ ಉಂಟಲ್ಲ, ಯಾಕೆ ಆರಿತು?" ಎಂದೆ.

"ವಾಪಸ್ ಬರೋಕೆ ವೇ ಇಲ್ಲ ಅಂದ್ರೆ ಹೋಗೋದೇ ಇಲ್ಲ, ಅಜ್ಜಿ. ಇಟ್ ಹ್ಯಾಸ್ ಟು ಬಿ ಅ ಲೂಪ್. ಎಷ್ಟು ಹೋಗತ್ತೋ ಅಷ್ಟೇ ವಾಪಸ್ ಬರ್ಬೇಕು."

"ಬಿಚ್ಚಿದ ತುದಿಯಲ್ಲಿ ಎಂತ ಉಂಟು ಈಗ?"

"ಕರೆಂಟ್ ಇಲ್ಲ. ವೋಲ್ಟೇಜ್ ಇದೆ. ವೇಟಿಂಗ್."

ಮುಚ್ಚಿದ ಗೇಟಿನ ಹಿಂದೆ ನಿಂತ ಜನ. ಅವರು ಹೇಳಿದ ಪಾಠ ಆಗ ನೆನಪಾಯಿತು.

ಆಮೇಲೆ ಅವಳು ಚಂದ್ರಿಕಾಳ ಮನೆ ಮಾಡಿದಳು. ಒಂದು ಬಲ್ಬು ಕೆಳಗಿನ ಹಾಲಿನದು, ಒಂದು ಮೆಟ್ಟಿಲಿನದು. ಎರಡಕ್ಕೂ ಬೇರೆ ಬೇರೆ ಸ್ವಿಚ್ಚು. ವಾಪಸ್ ಬರುವ ವಯರ್ ಮಾತ್ರ ಎರಡಕ್ಕೂ ಒಂದೇ. ಮೆಟ್ಟಿಲ ಬಲ್ಬಿನ ವಯರನ್ನು ಹಾಲಿನ ಬಲ್ಬಿನ ಹತ್ತಿರ ತಂದು ಸೇರಿಸಿದ್ದಳು. ಹಾಲಿನ ಸ್ವಿಚ್ ಆಫ್ ಮಾಡಿದಳು. ಹಾಲಿನ ಬಲ್ಬ್ ಆರಿತು. ಮೆಟ್ಟಿಲದ್ದು ಉರಿಯುತ್ತಲೇ ಇತ್ತು.

"ಈಗ ಅಜ್ಜ ಹಾಲ್ ಲೈಟ್ ಚೇಂಜ್ ಮಾಡ್ತಾರೆ. ಆಫ್ ಮಾಡಿದಾರೆ. ಟೆಸ್ಟರ್ ಇಟ್ರೆ ಏನೂ ತೋರ್ಸಲ್ಲ. ಸೋ ಸೇಫ್ ಅನ್ಕೊಂಡು ಈ ಜಾಯಿಂಟ್ ಬಿಚ್ತಾರೆ." ಅವಳು ಬಿಚ್ಚಿದಳು. ಮೆಟ್ಟಿಲ ಬಲ್ಬ್ ಆರಿತು. "ಈಗ ಮೆಟ್ಟಿಲ ಲೈಟಿಂದ ಬಂದ ಈ ತುದಿ ಲೈವ್ ಆಯ್ತು. ಆಮೇಲೆ ಅಜ್ಜನ ಕೈ..."

ಅವಳು ಎರಡು ತುದಿಗಳನ್ನೂ ತನ್ನ ಎರಡು ಕೈಯಲ್ಲಿ ಹಿಡಿದಿದ್ದಳು. ಬ್ಯಾಟರಿ ಸಣ್ಣದು, ಏನೂ ಆಗಲಿಲ್ಲ. ಆದರೂ ವಯರ್ ಕೆಳಗಿಟ್ಟಳು.

"ಅಜ್ಜ ವಾಸ್ ದ ವಯರ್" ಎಂದಳು.

ನಾನು ಎದ್ದು ಸೂಟ್‌ಕೇಸ್ ತೆಗೆದೆ. ಸೀರೆಗಳ ಅಡಿಯಲ್ಲಿ ಚೀಲ ಹಾಗೆಯೇ ಇತ್ತು. ಕತ್ತರಿಸಿದ ದಾರ. ಅದರ ಗಂಟಿನಲ್ಲಿ ಹಿತ್ತಾಳೆಯ ಸಣ್ಣ ಕೀ. ಟೂಲ್ ಬಾಕ್ಸ್ ತೆಗೆದೆ. ಬೀಗದಲ್ಲಿ ಇದ್ದ ಕೀಗೆ ಕೆಂಪು ಟೇಪ್ ಸುತ್ತಿತ್ತು.

ಯಾರೂ ನೋಡಿರಲಿಲ್ಲ. ಇವರೂ ನೋಡಲಿಲ್ಲ. ಕನ್ನಡಕ ಹಾಕದೆ ಒಂದು ಸಲ ನೋಡಿ ಮುಚ್ಚಿಬಿಟ್ಟಿದ್ದರು.

ಮರುದಿನ ಇಂಚರಾಳ ಬಲ್ಬುಗಳನ್ನು ಒಂದು ಟ್ರೇಯಲ್ಲಿ ಹಾಗೆಯೇ ಇಟ್ಟುಕೊಂಡು ರೈಲು ಹಿಡಿದು ಸೌತ್‌ಹಾಲ್‌ಗೆ ಹೋದೆ. ಉದಯಶಂಕರ್ ಬಾಗಿಲು ತೆಗೆದ.

"ಅಕ್ಕಾ! ಬನ್ನಿ ಬನ್ನಿ. ಫೋನ್ ಮಾಡಿದ್ರೆ ಸ್ಟೇಷನ್‌ಗೆ ಬರ್ತಿದ್ನಲ್ಲ. ಏನಿದು, ಇಂಚರಾ ಹೋಮ್‌ವರ್ಕಾ?"

"ನಿನ್ನ ಹೋಮ್‌ವರ್ಕ್" ಎಂದೆ.

ಟೇಬಲ್ ಮೇಲೆ ಟ್ರೇ ಇಟ್ಟು ಮೆಟ್ಟಿಲ ಬಲ್ಬ್ ಹಚ್ಚಿದೆ. ಅವನ ಹೆಂಡತಿ ಬೃಂದಾ ಚಹಾ ತಂದವಳು ಹಾಗೆಯೇ ನಿಂತಳು.

"ಈ ಸ್ವಿಚ್ ಆಫ್ ಉಂಟಾ?"

"ಆಫ್ ಇದೆ."

"ಈ ಜಾಯಿಂಟ್ ಬಿಚ್ಚಿ ಮುಟ್ಟಿದ್ರೆ?"

ಅವನು ಟ್ರೇ ನೋಡುತ್ತ ಕೂತ. ನಾನು ಬೀಗ ಇಟ್ಟೆ. ಕೆಂಪು ಟೇಪಿನ ಕೀ ಅದರಲ್ಲೇ ಇತ್ತು. ಪಕ್ಕದಲ್ಲಿ ಕಡಿದ ಉಡಿದಾರ ಇಟ್ಟೆ.

"ಅವರ ಕೀ ಅವರ ಸೊಂಟದಲ್ಲಿತ್ತು ಉದಯ. ಹಾಗಾದ್ರೆ ಬೀಗ ಬೋರ್ಡಿನಲ್ಲಿತ್ತು. ಅದನ್ನು ತೆಗೆದವರು ಯಾರು?"

ಬೃಂದಾ, "ಏನ್ರೀ ಇದು?" ಎಂದಳು.

"ನೀನ್ ಒಳಗ್ ಹೋಗು."

ಅವಳು ಹೋಗಲಿಲ್ಲ.

"ಅಕ್ಕ, ಆಂಬುಲೆನ್ಸ್‌ಗೆ ಫೋನ್ ಮಾಡಿದ್ದು ನಾನೇ. ಆಮೇಲೆ ಬೋರ್ಡ್ ನೋಡ್ದೆ. ಬೀಗ ಇತ್ತು. ತಕ್ಷಣ ಗೊತ್ತಾಯ್ತು, ನನ್ ಕೆಲಸದ ತಪ್ಪು ಅಂತ. ನನ್ ಕಾರ್ಡ್ ಹೋಗ್ತಿತ್ತು. ಕೇಸ್ ಆಗ್ತಿತ್ತು. ಬೀಗ ತೆಗ್ದು ಆನ್ ಮಾಡ್ಬಿಟ್ಟೆ. ಐತಪ್ಪಣ್ಣ ಹೇಗೂ ಬದುಕಿದಾರಲ್ಲ ಅಂತ..."

"ಬದುಕಿದ್ದರು. ಎರಡೂವರೆ ವರ್ಷ."

ಅವನು ಅತ್ತ. ಅವನ ಅಳು ನನಗೆ ಬೇಕಿರಲಿಲ್ಲ. "ಆ ಜಾಯಿಂಟನ್ನು ಆಮೇಲಾದ್ರೂ ಸರಿ ಮಾಡಿದ್ಯಾ? ಮೂರು ವರ್ಷ ಹಾಗೇ ಬಿಟ್ಟಿದ್ದಿ. ಇನ್ನೊಬ್ಬ ಏಣಿ ಹತ್ತಿದ್ರೆ?"

"ಸರಿ ಮಾಡೋಕೆ ಹೋದ್ರೆ ಯಾಕೆ ಅಂತ ಕೇಳ್ತಿದ್ರು ಅಕ್ಕ."

ಯುಗಾದಿ ಕಾರ್ಯಕ್ರಮದಲ್ಲಿ ಎಲ್ಲರ ಮುಂದೆ ತಾನೇ ಹೇಳುತ್ತೇನೆ ಎಂದು ಮಾತು ಕೊಟ್ಟ. ಅವರನ್ನು ನೋಡಿ ನಕ್ಕ ಜನ ಅಲ್ಲೇ ಇರುತ್ತಾರೆ. ನನಗೆ ಅಷ್ಟೇ ಸಾಕಿತ್ತು. ಪೊಲೀಸು, ಕೋರ್ಟು ಏನೂ ಬೇಡ ಎಂದು ಬಂದೆ. ನಂಬಿದೆ. ಇಪ್ಪತ್ತು ವರ್ಷ ಊಟ ಬಡಿಸಿದ ಕೈ, ನಂಬುವುದನ್ನು ಬೇಗ ಬಿಡುವುದಿಲ್ಲ.

ಯುಗಾದಿಯ ದಿನ ವೆಂಬ್ಲಿಯ ಹಾಲಿನಲ್ಲಿ ಮೂರನೇ ಸಾಲಿನಲ್ಲಿ ಕೂತಿದ್ದೆ. ಅವನು ಮೈಕ್ ಹಿಡಿದ. "ಐತಪ್ಪಣ್ಣ ನನ್ನ ಗುರುಗಳು. ದೊಡ್ಡ ಮನಸ್ಸಿನವರು. ಯಾರ ಮೇಲೂ ತಪ್ಪು ಹೊರಿಸಿದವರಲ್ಲ" ಎಂದ. ಜನ ಚಪ್ಪಾಳೆ ತಟ್ಟಿದರು. ಇಳಿದು ಹೋದ. ನಾನು ಮುಂದಿನದು ಇದೆ ಎಂದು ಕಾಯುತ್ತಿದ್ದೆ.

ಎದ್ದು ವೇದಿಕೆಗೆ ಹೋದೆ. ಚೀಲದಲ್ಲಿ ದಾರ, ಕೀ ಇದ್ದವು. ಸನ್ಮಾನಕ್ಕೆ ಬಂದೆ ಎಂದುಕೊಂಡು ಸಂಘದವರು ಶಾಲು ಹೊದಿಸಿದರು. ಕೈಗೆ ಹೂ ಕೊಟ್ಟರು. ಫೋಟೋ ತೆಗೆದರು. ನಾನು ಮೈಕಿನ ಹತ್ತಿರ ಹೋಗುವಷ್ಟರಲ್ಲಿ ಮಕ್ಕಳ ಡ್ಯಾನ್ಸಿನ ಹಾಡು ಶುರುವಾಯಿತು. ಉದಯಶಂಕರ್ ಊಟದ ಸಾಲಿನಲ್ಲಿ ಮೊದಲನೆಯವನಾಗಿ ನಿಂತಿದ್ದ.

ಆದ್ದರಿಂದ ಬರೆದೆ. ಮಕ್ಕಳೇ, ಬ್ಯಾಟರಿ ಬಲ್ಬು ಇಟ್ಟುಕೊಂಡು ನೀವೇ ಮಾಡಿ ನೋಡಿ. ಸಣ್ಣ ಬ್ಯಾಟರಿ ಮಾತ್ರ, ಗೋಡೆಯ ಕರೆಂಟ್ ಮುಟ್ಟಬೇಡಿ. ಒಂದು ಸ್ವಿಚ್ ಆಫ್ ಮಾಡಿ, ಜಾಯಿಂಟ್ ಬಿಚ್ಚಿ. ಆಫ್ ಮಾಡಿದ ಮನುಷ್ಯನಿಗೂ ಶಾಕ್ ಹೊಡೆಯುತ್ತದೆಯೋ ಇಲ್ಲವೋ, ನಿಮಗೇ ಗೊತ್ತಾಗುತ್ತದೆ. ಮನೆಗೆ ಹೋಗಿ ಅಪ್ಪ ಅಮ್ಮನಿಗೂ ತೋರಿಸಿ. ನಕ್ಕವರು ಅವರೇ.

ಇನ್ನು ನನ್ನದು. ಉದಯಶಂಕರ್ ಬೋರ್ಡಿನಿಂದ ಬೀಗ ತೆಗೆದ. ಸೊಂಟದಿಂದ ಕೀ ತೆಗೆದವಳು ನಾನು. ಅವನು ಹೇಳಿದ್ದನ್ನು ಅವರು ಪೂರ್ತಿ ನಂಬಿರಲಿಲ್ಲ, ಅದಕ್ಕೇ ನನ್ನನ್ನು ಕೇಳಿದರು. ನಾನು ಇಲ್ಲ ಎಂದ ಮೇಲೆ ನಂಬಿದರು.

ಇಷ್ಟನ್ನು ಬರೆದು ಚಂದ್ರಿಕಾಗೆ ಫೋನಿನಲ್ಲಿ ಓದಿ ಹೇಳಿದೆ.

"ಆಂಟಿ, ಉದಯಶಂಕರ್ ಅಂಕಲ್ ಹೆಸರು ಹಾಕ್ಲೇಬೇಕಾ? ಅವರು ಕಮಿಟೀಲಿದಾರೆ. ಒಬ್ಬ ಸ್ನೇಹಿತ ಅಂತ ಹಾಕಿದ್ರೆ ಆಗಲ್ವಾ?"

"ಹೆಸರು ಹಾಕು" ಎಂದೆ. "ನನ್ನದನ್ನೂ ಹಾಕು."